ಕೃತಕ ಕಾಲಿನ ಮಾದರಿ ಮಾಡಿ ವಿನ್ಯಾಸ ಕಲಿತ ಎರಡು ದಿನ

ಪ್ರೌಢಶಾಲಾ ಮಕ್ಕಳಿಗೆ ವೈದ್ಯಕೀಯ ಸಾಧನಗಳ ಮೂಲಕ ಎಂಜಿನಿಯರಿಂಗ್ ವಿನ್ಯಾಸವನ್ನು ಕಲಿಸುವ ಎರಡು ದಿನಗಳ ಕಾರ್ಯಾಗಾರವೊಂದಕ್ಕೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ 24 ಮಕ್ಕಳನ್ನು ಕಲಬುರಗಿಗೆ ಕರೆದುಕೊಂಡು ಹೋಗಿದ್ದೆ. ತಲಾ 300 ರೂಪಾಯಿ ಶುಲ್ಕದಲ್ಲಿ ಸಾಮಗ್ರಿಯೂ ಮಧ್ಯಾಹ್ನದ ಊಟವೂ ಸೇರಿದ್ದವು. ಹಳ್ಳಿಯ ಮಕ್ಕಳಿಗೆ ಈ ಮೊತ್ತ ಸಣ್ಣದೇನಲ್ಲ. ಆದ್ದರಿಂದ ಇತರ ಶಿಕ್ಷಕರಿಗೆ ಉಪಯೋಗವಾಗಲೆಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಬೆಳಿಗ್ಗೆ ಕಾಗದದ ಸುರುಳಿಯಿಂದ ಎದೆಬಡಿತ ಕೇಳಿಸಿದರು. 1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಸ್ಟೆತೊಸ್ಕೋಪಿಗೆ ನಾಂದಿ ಹಾಡಿದ್ದೂ ಹಾಗೆಯೇ. ಮಕ್ಕಳಿಗೆ ಸಂತೋಷವಾಯಿತು, ಆದರೆ ಕಾರ್ಯಾಗಾರದ ನಿಜವಾದ ಬೆಲೆ ತಿಳಿದದ್ದು ಆಮೇಲೆ.

ಮಧ್ಯಾಹ್ನ ಕೃತಕ ಕಾಲು ಧರಿಸುವ ರೈತರೊಬ್ಬರನ್ನು ಕರೆಸಿ, ಅವರೊಂದಿಗೆ ಮಾತನಾಡಿ ಅಗತ್ಯಗಳ ಪಟ್ಟಿ ಮಾಡುವವರೆಗೆ ಕಾಲಿನ ಮಾದರಿಗೆಂದು ಇಟ್ಟಿದ್ದ ಪೈಪನ್ನು ಯಾರೂ ಮುಟ್ಟಬಾರದೆಂದು ತರಬೇತುದಾರರು ಹೇಳಿದರು. ನೆಲದ ಮೇಲೆ ಕುಳಿತು ಉಣ್ಣಬೇಕು, ಮಳೆಯಾದ ಮೇಲೆ ತೊಗರಿ ಹೊಲದ ಎರೆಮಣ್ಣಿನಲ್ಲಿ ನಡೆಯಬೇಕು, ಸಂಜೆಯ ಹೊತ್ತಿಗೆ ಮೊಂಡುಗಾಲು ನೋಯಬಾರದು ಎಂದು ಆ ರೈತರು ನಿಧಾನವಾಗಿ ವಿವರಿಸಿದರು. 1968ರ ಸುಮಾರಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪಿ.ಕೆ. ಸೇಠಿ ರಬ್ಬರಿನ ಪಾದವನ್ನು ರೂಪಿಸಿದ್ದೂ, ಬೂಟಿನೊಳಗೆ ಮಾತ್ರ ಹೊಂದುವ ವಿದೇಶಿ ಪಾದದಿಂದ ಚಕ್ಕಳಮಕ್ಕಳ ಹಾಕಿ ಕೂರಲು, ಬರಿಗಾಲಿನಲ್ಲಿ ಹೊಲಕ್ಕಿಳಿಯಲು ಆಗುತ್ತಿರಲಿಲ್ಲವೆಂಬ ಕಾರಣಕ್ಕೆ ಎಂಬುದನ್ನು ಆ ಮಾತುಕತೆಯ ನಂತರ ತಿಳಿಸಿದ್ದು ನನಗೆ ಬಹಳ ಹಿಡಿಸಿತು. ಅಡಿಭಾಗದ ಗೆರೆಗಳಲ್ಲಿ ಎರೆಮಣ್ಣು ಮೆತ್ತಿಕೊಂಡು ಕಾಲು ಭಾರವಾಗುವುದಿಲ್ಲವೇ ಎಂದು ನಮ್ಮ ಹುಡುಗಿಯೊಬ್ಬಳು ಕೇಳಿದಾಗ, ಆ ರೈತರು ತಲೆಯಾಡಿಸಿ ಅದನ್ನೂ ಪಟ್ಟಿಗೆ ಸೇರಿಸಲು ಹೇಳಿದರು.

ಪಿವಿಸಿ ಪೈಪು, ಸ್ಪಂಜು, ಹಳೆಯ ಹವಾಯಿ ಚಪ್ಪಲಿಗಳಿಂದ ಮಾಡಿದ ಮಾದರಿಗಳ ಮೇಲೆ ಎರಡನೆಯ ದಿನ 30 ಕಿಲೋ ಮರಳಿನ ಚೀಲವಿಟ್ಟು ಪರೀಕ್ಷಿಸಿದರು. ಒಂದು ಗುಂಪಿನ ಪೈಪು ಸ್ಕ್ರೂ ರಂಧ್ರದಿಂದಲೇ ಸೀಳಿತು. ರಂಧ್ರ ಅಂಚಿಗೆ ತೀರ ಹತ್ತಿರವಿದ್ದುದನ್ನು ಮಕ್ಕಳೇ ಕಂಡುಹಿಡಿದು, ಅದನ್ನು ಒಳಕ್ಕೆ ಸರಿಸಿ, ಸುತ್ತಲೂ ಪಟ್ಟಿ ಬಿಗಿದು ಮತ್ತೆ ಮಾಡಿದರು. ಸ್ಪಂಜಿನ ಹಾಸು ಭಾರವನ್ನು ಹೆಚ್ಚು ವಿಸ್ತೀರ್ಣಕ್ಕೆ ಹಂಚಿ ಒತ್ತಡವನ್ನು ತಗ್ಗಿಸುತ್ತದೆ ಎಂಬುದನ್ನು ಬಲ ಮತ್ತು ಒತ್ತಡದ ಪಾಠದಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಅಂದು ಅವರು ಅದನ್ನು ತಮ್ಮ ಮೊಣಕಾಲನ್ನೇ ಒತ್ತಿ ನೋಡಿ ಅರಿತರು.

ಕೊರತೆಗಳೂ ಇವೆ. ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದ್ದುದರಿಂದ ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಪ್ರತಿ ಪುಟವನ್ನೂ ನಾನೇ ಓದಿ ಹೇಳಬೇಕಾಯಿತು. ಇದಕ್ಕಿಂತ ಬೇಸರದ ಸಂಗತಿಯೆಂದರೆ, ತಿದ್ದಿದ ಮಾದರಿಗಳ ಮರುಪರೀಕ್ಷೆಗೆ ಕೇವಲ ಅರ್ಧ ಗಂಟೆ ಉಳಿದಿತ್ತು. ಆರು ಗುಂಪುಗಳಲ್ಲಿ ಎರಡಕ್ಕೆ ಸರದಿಯೇ ಬರಲಿಲ್ಲ. ಮಾಡಿ, ಮುರಿದು, ತಿದ್ದಿ ಮತ್ತೆ ನೋಡುವುದೇ ವಿನ್ಯಾಸವಾಗಿರುವಾಗ, ಮುಕ್ತಾಯದ ಭಾಷಣಗಳನ್ನು ಕಡಿಮೆ ಮಾಡಿಯಾದರೂ ಆ ಸಮಯವನ್ನು ಮಕ್ಕಳಿಗೆ ಕೊಡಬೇಕಿತ್ತು.

ಮುಂದಿನ ವರ್ಷವೂ ಮಕ್ಕಳನ್ನು ಕಳುಹಿಸುತ್ತೇನೆ. ಕನ್ನಡ ಕೈಪಿಡಿ ಸಿದ್ಧಪಡಿಸಲು ನಾನು ನೆರವಾಗುವುದಾಗಿ ಆಯೋಜಕರಿಗೆ ಪತ್ರ ಬರೆದಿದ್ದೇನೆ. ಸರದಿ ಸಿಗದ ಆ ಎರಡು ಮಾದರಿಗಳನ್ನು ಸೋಮವಾರ ನಮ್ಮ ಶಾಲೆಯ ವರಾಂಡದಲ್ಲಿ ಮರಳಿನ ಚೀಲವಿಟ್ಟು ಪರೀಕ್ಷಿಸಿದೆವು. ಒಂದು ತಡೆದುಕೊಂಡಿತು, ಇನ್ನೊಂದನ್ನು ಮಕ್ಕಳು ಮತ್ತೆ ಬಿಚ್ಚಿದ್ದಾರೆ.