ರೀಕಂಡೀಷನ್ ಎಂಜಿನ್ ಇರೋ ಹಳೇ ಟ್ರಾವೆಲರ್ ಬಿಚ್ಚಿಸೋ ಮೊದಲು ಇದನ್ನ ಓದಿ

ಹಳೇ ಟೆಂಪೋ ಟ್ರಾವೆಲರ್ ತಗೊಂಡು ಕ್ಯಾಂಪರ್ ಮಾಡಿಸಬೇಕು ಅಂತಿರುವವರಿಗೆ ಇದು. ನನಗೆ ಹೆಚ್ಚುಕಮ್ಮಿ ಒಂದೂವರೆ ಲಕ್ಷ ಕೈಬಿಟ್ಟಿತು.

ಬಳ್ಳಾರಿಯಲ್ಲಿ ತಗೊಂಡ ಗಾಡಿ, 2004ರದ್ದು. ಒಳಗೆ ಮಂಚ, ನೀರಿನ ಟ್ಯಾಂಕ್, ಸಣ್ಣ ಅಡುಗೆ ಕಟ್ಟೆ ಎಲ್ಲಾ ಇತ್ತು. "ಎಂಜಿನ್ ರೀಕಂಡೀಷನ್ ಆಗಿದೆ ಸಾರ್, ಇನ್ನು ಹತ್ತು ವರ್ಷ ಮುಟ್ಟೋ ಹಾಗಿಲ್ಲ" ಅಂದರು ಮಾರಿದವರು. ನಾನು ಖುಷಿಪಟ್ಟೆ. ಒಮ್ಮೆ ರೀಕಂಡೀಷನ್ ಆಗಿದೆ ಅಂದ್ರೆ ಒಳಗಿನ ಕಬ್ಬಿಣ ಒಮ್ಮೆ ಉಜ್ಜಿ ಸಣ್ಣ ಮಾಡಿದ್ದಾರೆ ಅಂತಾನೂ ಆಗುತ್ತೆ ಅಲ್ವಾ? ಅದು ಹೊಳೆಯಲೇ ಇಲ್ಲ.

ಸಂಡೂರು ಕಡೆ ಕೆಂಪು ಧೂಳಲ್ಲಿ ನಾಲ್ಕು ಸಲ ಓಡಾಡಿದ್ದೇ ಸರಿ, ಹೊಗೆ ಶುರುವಾಯಿತು. ಬಿಸಿಯಾದ ಮೇಲೆ ನಿಲ್ಲಿಸಿದರೆ ಆಯಿಲ್ ಲೈಟ್ ಮಿಣುಕುತ್ತಿತ್ತು. ಒಂದು ಗ್ಯಾರೇಜಿಗೆ ಕೊಟ್ಟೆ. ಬೋರ್, ರಿಂಗ್, ಬೇರಿಂಗ್ ಸೇರಿ 62,000 ಬಿಲ್. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಮುಖ್ಯ ದಂಡ) ಉಜ್ಜಿ ಅಳತೆಗೆ ತರೋಕೆ ಲೇತ್‌ಗೆ ಕಳಿಸಿದ್ರಾ ಅಂದರೆ "ಪಾಲಿಶ್ ಸಾಕು ಅಣ್ಣ" ಅಂದರು. ಸುಮ್ನೆ ತಲೆಯಾಡಿಸಿ ಬಂದೆ. ನನ್ನ ತಪ್ಪು ಅಲ್ಲೇ.

ಸುಮಾರು 400 ಕಿಲೋಮೀಟರ್ ಓಡಿರಬೇಕು. ಆನೆಗುಂದಿಗೆ ಹೊರಟಿದ್ದೆವು, ಕೊಪ್ಪಳ ದಾಟಿದ್ದೇ ಕೆಳಗಿನಿಂದ ಟಕ್ ಟಕ್ ಸದ್ದು. ಆಫ್ ಮಾಡುವಷ್ಟರಲ್ಲಿ ಎಂಜಿನ್ ಬಿಗಿದುಕೊಂಡಿತು. ಮಕ್ಕಳು ಹಿಂದೆ ಮಲಗಿದ್ದರು, ಏನೂ ಗೊತ್ತಾಗಲಿಲ್ಲ.

ಗಂಗಾವತಿಯಲ್ಲಿ ಬಿಚ್ಚಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸೋ ಮೂರನೇ ಕನೆಕ್ಟಿಂಗ್ ರಾಡಿನ ಬೇರಿಂಗ್ ಹಿಂದೆ ತೆಳ್ಳಗಿನ ತಗಡಿನ ತುಂಡು! ಕ್ರ್ಯಾಂಕ್ ಸವೆದು ಸಡಿಲ ಇದ್ದದ್ದಕ್ಕೆ ತಗಡು ಕೊಟ್ಟು ಬಿಗಿ ಮಾಡಿದ್ದರು. ಬೇರಿಂಗ್ ಜಾಗದಲ್ಲೇ ಸುತ್ತಿ ಆಯಿಲ್ ತೂತು ಮುಚ್ಚಿಹೋಗಿತ್ತು. ಮೊದಲ ಗ್ಯಾರೇಜಿನವರು ತೆಗೆದ ಹಳೇ ಬೇರಿಂಗ್ ನಾನೇ ಕೇಳಿ ತಂದಿಟ್ಟಿದ್ದೆ, ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ 0.75 ಅಂತ ಅಚ್ಚು. ಲೇತ್‌ನವರ ಮಾತಲ್ಲಿ 30 ಸೈಜ್ (ಇಂಚಿನ ಸಾವಿರದಲ್ಲಿ 30 ಪಾಲು). ಅಂದ್ರೆ ಮೊದಲ ರೀಕಂಡೀಷನ್‌ನಲ್ಲೇ ಮುಕ್ಕಾಲು ಮಿಲಿಮೀಟರ್ ಉಜ್ಜಿ ಆಗಿತ್ತು. ಉಳಿದದ್ದು 40 ಸೈಜ್ ಒಂದೇ. ಅದೂ ಆದರೆ ಬೇರಿಂಗೇ ಸಿಗಲ್ಲ ಅಂದರು. ಅದಕ್ಕೇ ಮೊದಲಿನವರು ಲೇತ್ ಸುದ್ದಿಗೇ ಹೋಗಿರಲಿಲ್ಲ ಅಂತ ನನ್ನ ಅನುಮಾನ.

ಈಗ ಬೇರೆ ಕ್ರ್ಯಾಂಕ್ ಹುಡುಕಿ ಹಾಕಿಸಿದ್ದೇನೆ. ಮರ್ಸಿಡಿಸ್ ಮೂಲದ ಓಎಂ 616 ಎಂಜಿನ್ ಇದು, ಹಳೇ ಭಾಗಗಳು ಗುಜರಿಯಲ್ಲಿ ಇನ್ನೂ ಸಿಗುತ್ತವೆ, ಅಷ್ಟು ಪುಣ್ಯ. ಈ ಸಲ ಲೇತ್‌ಗೆ ನಾನೇ ಹೋದೆ, ದುಡ್ಡೂ ನೇರ ಕೊಟ್ಟೆ, ಎಲ್ಲಾ ಜರ್ನಲ್‌ಗಳ (ಕ್ರ್ಯಾಂಕಲ್ಲಿ ಬೇರಿಂಗ್ ಕೂರೋ ಜಾಗ) ಅಳತೆ ಚೀಟಿಯಲ್ಲಿ ಬರೆಸಿಕೊಂಡೆ. ನೀವೂ ಎಂಜಿನ್ ಬಿಚ್ಚುವ ದಿನ ಅಲ್ಲೇ ನಿಲ್ಲಿ. ಪಿಸ್ಟನ್ ತಲೆ ಮೇಲಿನ ಸೈಜ್, ಬೇರಿಂಗ್ ಬೆನ್ನ ಮೇಲಿನ ಸೈಜ್ ಎರಡರದ್ದೂ ಫೋಟೋ ತೆಗೆಯಿರಿ. ಅದನ್ನು ನೋಡದೆ ಸಾಮಾನಿಗೆ ಅಡ್ವಾನ್ಸ್ ಕೊಡಬೇಡಿ.

ಇನ್ನೊಂದು ತಲೆನೋವು. ಬ್ಲಾಕ್ ತೊಳೆದಾಗ ಕಂಡ ಎಂಜಿನ್ ನಂಬರೇ ಬೇರೆ, ಆರ್‌ಸಿಯಲ್ಲಿ ಇರೋದೇ ಬೇರೆ. ಮಾರಿದವರು ಫೋನ್ ಎತ್ತುತ್ತಿಲ್ಲ. ಸೋಮವಾರ ಆರ್‌ಟಿಓ ಆಫೀಸಿಗೆ ಹೋಗಬೇಕು.