ಹೊಳೆಯುವ ಲಾಯವನ್ನು ನೋಡಿ ಕುದುರೆಯನ್ನು ಬಿಟ್ಟು ಬರಬೇಡಿ

ಸ್ವಂತ ಜಾಗವಿಲ್ಲದೆ ಕುದುರೆಯನ್ನು ಬೇರೆಯವರ ಲಾಯದಲ್ಲಿ ತಿಂಗಳ ಬಾಡಿಗೆಗೆ ಇರಿಸಲು ಹೊರಟಿರುವವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ. ನನ್ನ ಕುದುರೆ ಅಂಥದೊಂದು ಲಾಯದಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದಿದೆ. ಅಲ್ಲಿ ಯಾರೂ ಅದನ್ನು ಹೊಡೆಯಲಿಲ್ಲ, ದಾಣಿಗೆ ಕಡಿಮೆ ಮಾಡಲಿಲ್ಲ, ಕೊಳಕಿನಲ್ಲಿ ನಿಲ್ಲಿಸಲಿಲ್ಲ. ನೋಡಿದವರೆಲ್ಲ ಹೊಗಳುವಂಥ ವ್ಯವಸ್ಥೆ ಅದು. ಕುದುರೆಯನ್ನು ಕೆಡಿಸಿದ್ದು ಆ ವ್ಯವಸ್ಥೆಯೇ.

ಸೇರಿಸುವಾಗ ಅವರು ತೋರಿಸಿದ್ದು 12 ಅಡಿ ಉದ್ದಗಲದ ಪ್ರತ್ಯೇಕ ಕೋಣೆ, ನೆಲಕ್ಕೆ ರಬ್ಬರ್ ಹಾಸು, ಅದರ ಮೇಲೆ ಮರದ ಹೊಟ್ಟು, ಎತ್ತರದಲ್ಲಿ ಹುಲ್ಲಿನ ಕಂಬಿಬುಟ್ಟಿ. ದಿನಕ್ಕೆರಡು ಹೊತ್ತು ದಾಣಿ, ಎರಡು ಹೊತ್ತು ಒಣಹುಲ್ಲು, ದಿನವೂ ವ್ಯಾಯಾಮ ಎಂದರು. ಲಾಯದ ಹಿಂದೆ ವಿಶಾಲವಾದ ಹುಲ್ಲುಗಾವಲಿತ್ತು. ಅದರ ಬೇಲಿಯ ಪಕ್ಕದಲ್ಲಿ ನಿಂತೇ ಮಾತು ಮುಗಿಸಿದರು. ವ್ಯಾಯಾಮವೆಂದರೆ ಉದ್ದ ಹಗ್ಗ ಹಿಡಿದು ಅರ್ಧ ಗಂಟೆ ಸುತ್ತು ಓಡಿಸುವುದು ಎಂಬುದು ಆಮೇಲೆ ತಿಳಿಯಿತು. ಹುಲ್ಲುಗಾವಲಿಗೆ ಬಿಡಿ ಎಂದು ಕೇಳಿದಾಗಲೆಲ್ಲ ಒಂದೊಂದು ಕಾರಣ. ನೆಲ ಒದ್ದೆಯಾಗಿದೆ, ಕುದುರೆಗಳು ಒಂದನ್ನೊಂದು ಒದೆಯುತ್ತವೆ, ಮೈಯೆಲ್ಲ ಕೆಸರಾಗುತ್ತದೆ. ಹೀಗೆ ದಿನದ ಹೆಚ್ಚುಕಡಿಮೆ 23 ಗಂಟೆಯೂ ಕುದುರೆ ನಾಲ್ಕು ಗೋಡೆಗಳ ನಡುವೆಯೇ ಕಳೆಯುತ್ತಿತ್ತು.

ಇದರಲ್ಲಿ ತಪ್ಪೇನಿದೆ ಎಂದು ಕೇಳುವವರು ಕುದುರೆಯ ಹೊಟ್ಟೆಯ ರಚನೆಯನ್ನು ತಿಳಿದುಕೊಳ್ಳಬೇಕು. ಬಯಲಿನಲ್ಲಿರುವ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತದೆ. ಒಂದು ಬಾಯಿ ಹುಲ್ಲು, ಎರಡು ಹೆಜ್ಜೆ, ಮತ್ತೊಂದು ಬಾಯಿ ಹುಲ್ಲು. ಇಷ್ಟು ದೊಡ್ಡ ದೇಹಕ್ಕೆ ಜಠರ ಬಹಳ ಚಿಕ್ಕದು. 8ರಿಂದ 15 ಲೀಟರ್ ಹಿಡಿದರೆ ಹೆಚ್ಚು. ನಮ್ಮ ಹೊಟ್ಟೆಯಲ್ಲಿ ಊಟದ ಹೊತ್ತಿಗೆ ಆಮ್ಲ ಹೆಚ್ಚುತ್ತದೆ. ಕುದುರೆಯ ಹೊಟ್ಟೆಯಲ್ಲಿ ಅದು ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಬೆಳಗಿನ ಹುಲ್ಲು ಎರಡು ಗಂಟೆಯಲ್ಲಿ ಮುಗಿದರೆ, ಸಂಜೆಯ ಹುಲ್ಲು ಒಂಬತ್ತಕ್ಕೇ ಖಾಲಿಯಾದರೆ, ಉಳಿದ ಹೊತ್ತೆಲ್ಲ ಖಾಲಿ ಜಠರದಲ್ಲಿ ಆಮ್ಲ ತುಂಬಿಕೊಂಡಿರುತ್ತದೆ. ಜಠರದ ಮೇಲ್ಭಾಗಕ್ಕೆ ಲೋಳೆಯ ರಕ್ಷಣೆ ಇಲ್ಲದಿರುವುದರಿಂದ ಹುಣ್ಣು ಹೆಚ್ಚಾಗಿ ಏಳುವುದು ಅಲ್ಲಿಯೇ. ದಾಣಿ ಇದಕ್ಕೆ ಪರಿಹಾರವಲ್ಲ. ಕಾಳನ್ನು ಕುದುರೆ ಬೇಗ ತಿಂದು ಮುಗಿಸುತ್ತದೆ, ಅಗಿಯುವುದು ಕಡಿಮೆ, ಜೊಲ್ಲೂ ಕಡಿಮೆ. ಅದರಲ್ಲಿರುವ ಪಿಷ್ಟ ಹೊಟ್ಟೆಯ ಉರಿಯನ್ನು ಹೆಚ್ಚಿಸುತ್ತದೆ. ಆ ಲಾಯದಲ್ಲಿ ಹುಲ್ಲನ್ನು ಮಿತವಾಗಿ ಕೊಟ್ಟು ದಾಣಿಯನ್ನು ಧಾರಾಳವಾಗಿ ಸುರಿಯುತ್ತಿದ್ದರು. ಎತ್ತಿ ತರುವುದಕ್ಕೂ ಗುಡಿಸುವುದಕ್ಕೂ ಅದು ಸುಲಭ. ಮೈ ಹೊಳೆಯುತ್ತದೆ, ಒಡೆಯನಿಗೂ ತೃಪ್ತಿ.

ಮೊದಲ ಸೂಚನೆ ಕೋಣೆಯ ಬಾಗಿಲಿನ ಮೇಲಿತ್ತು. ಮರದ ಅಂಚು ಸವೆದು ಹಲ್ಲಿನ ಗುರುತು ಬಿದ್ದಿತ್ತು. ನನ್ನ ಕುದುರೆ ಮುಂದಿನ ಹಲ್ಲುಗಳನ್ನು ಬಾಗಿಲಿಗೆ ಊರಿ, ಕುತ್ತಿಗೆ ಬಿಗಿದು, ಗೊರಕೆಯಂಥ ಸದ್ದು ಮಾಡುತ್ತ ಗಾಳಿ ಎಳೆದುಕೊಳ್ಳುತ್ತಿತ್ತು. ಹಿಂದೆ ಎಂದೂ ಹೀಗೆ ಮಾಡಿದ್ದಿಲ್ಲ. ಮೇಲ್ವಿಚಾರಕರನ್ನು ಕೇಳಿದರೆ, "ಇದೊಂದು ಕೆಟ್ಟ ಚಟ, ಪಕ್ಕದ ಕುದುರೆಯನ್ನು ನೋಡಿ ಕಲಿತಿರಬೇಕು, ನೀವು ಚಿಂತಿಸಬೇಡಿ" ಎಂದರು. ಬಾಗಿಲಿಗೆ ಕಹಿ ಲೇಪ ಹಚ್ಚಿದರು. ಅದಕ್ಕೂ ಬಗ್ಗದಿದ್ದಾಗ ಗಂಟಲಿಗೆ ಬಿಗಿಯಾದ ಪಟ್ಟಿ ಕಟ್ಟಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಮಾತನ್ನು ಲಾಯಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಮರ ಕಚ್ಚಿ ಗಾಳಿ ಎಳೆಯುವುದು, ನಿಂತಲ್ಲೇ ತಲೆಯನ್ನು ಅತ್ತ ಇತ್ತ ತೂಗುವುದು, ಕೋಣೆಯೊಳಗೆ ಸುತ್ತುಹಾಕುವುದು ಇವು ತುಂಟತನವಲ್ಲ. ಕೂಡಿಹಾಕಿದ, ಜೊತೆಯಿಲ್ಲದ, ಅಗಿಯಲು ಏನೂ ಸಿಗದ ಕುದುರೆಗಳಲ್ಲಿ ಇವು ಹುಟ್ಟುತ್ತವೆ. ನಾರಿನ ಮೇವು ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಪಟ್ಟಿ ಕಟ್ಟಿದರೆ ಬಾಯಿ ನಿಲ್ಲುತ್ತದೆ, ಕಾರಣ ಹಾಗೆಯೇ ಉಳಿಯುತ್ತದೆ. ಪಕ್ಕದ ಕುದುರೆಯನ್ನು ನೋಡಿ ಕಲಿಯುತ್ತದೆ ಎಂಬುದನ್ನೂ ನಾನು ನಂಬುವುದಿಲ್ಲ. ಪಕ್ಕದ್ದಕ್ಕೂ ಅದೇ ಕೋಣೆ, ಅದೇ ಮೇವು, ಅದೇ ಒಂಟಿತನ ಇದ್ದರೆ ಎರಡೂ ಒಂದೇ ರೀತಿ ಕೆಡುವುದರಲ್ಲಿ ಆಶ್ಚರ್ಯವೇನಿದೆ? ಒಮ್ಮೆ ಬೇರೂರಿದ ಮೇಲೆ ಈ ನಡವಳಿಕೆ ಬಯಲಿಗೆ ಬಿಟ್ಟರೂ ಪೂರ್ತಿ ಹೋಗದಿರಬಹುದು. ನನ್ನ ಕುದುರೆಯಲ್ಲಿ ಇಂದಿಗೂ ಸ್ವಲ್ಪ ಉಳಿದಿದೆ. ಆ ಲಾಯದ ಮೇಲೆ ನನಗಿರುವ ಸಿಟ್ಟಿನ ದೊಡ್ಡ ಪಾಲು ಇದಕ್ಕಾಗಿಯೇ.

ಆಮೇಲೆ ಒಂದೊಂದಾಗಿ ಬಂದವು. ಬೆಳಿಗ್ಗೆ ಹಿಂಗಾಲುಗಳು ಊದಿಕೊಂಡಿರುತ್ತಿದ್ದವು, ನಡೆಸಿದರೆ ಇಳಿಯುತ್ತಿದ್ದವು. ಕುದುರೆಯ ಕಾಲಿನ ರಕ್ತ ಮತ್ತು ದ್ರವ ಮೇಲೆ ಸಾಗಲು ನಡಿಗೆಯೇ ಬೇಕು. ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರತೊಡಗಿತು. ಓಡಿಸಲು ತೊಡಗಿದ ಕೂಡಲೇ ಕೆಮ್ಮು. ಕಿಟಕಿಗಳನ್ನು ಸದಾ ಮುಚ್ಚಿರುತ್ತಿದ್ದುದರಿಂದ ಮೂತ್ರದ ಅಮೋನಿಯಾ ಒಳಗೇ ಉಳಿಯುತ್ತಿತ್ತು. ಅದನ್ನು ಪರೀಕ್ಷಿಸಬೇಕಾದರೆ ಮೊಣಕಾಲೂರಿ ಹಾಸಿನ ಹತ್ತಿರ ಮೂಗು ತನ್ನಿ, ನಿಂತ ಎತ್ತರದಲ್ಲಿ ಅದು ಗೊತ್ತಾಗುವುದಿಲ್ಲ. ಎತ್ತರದ ಕಂಬಿಬುಟ್ಟಿಯಿಂದ ಹುಲ್ಲಿನ ದೂಳು ನೇರವಾಗಿ ಮೂಗಿಗೆ ಉದುರುತ್ತಿತ್ತು. ಕುದುರೆ ತಲೆ ತಗ್ಗಿಸಿ ತಿಂದರೆ ಶ್ವಾಸನಾಳದ ಕಫ ತಾನಾಗಿ ಹೊರಗೆ ಹರಿಯುತ್ತದೆ. ತಲೆ ಎತ್ತಿಕೊಂಡೇ ತಿನ್ನುವ ಕುದುರೆಗೆ ಆ ಉಪಕಾರವೂ ಇಲ್ಲ.

ಒಂದು ಸಂಜೆ ಕುದುರೆ ದಾಣಿಯನ್ನು ಮುಟ್ಟಲಿಲ್ಲ ಎಂದು ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಮುಂಗಾಲಿನಿಂದ ನೆಲ ಕೆರೆಯುತ್ತ, ಪಕ್ಕೆಯ ಕಡೆಗೆ ತಿರುಗಿ ತಿರುಗಿ ನೋಡುತ್ತ, ಮಲಗುವುದು ಏಳುವುದು ಮಾಡುತ್ತಿತ್ತು. ಬೆಳಗಿನಿಂದ ಲದ್ದಿ ಹಾಕಿರಲಿಲ್ಲ. ಮಧ್ಯಾಹ್ನ ಗುಡಿಸಲು ಬಂದ ಕೆಲಸಗಾರನಿಗೆ ಅದು ಕಂಡಿತ್ತು. ಆದರೆ ಅದನ್ನು ಬರೆದಿಡುವ ಪದ್ಧತಿಯೇ ಅಲ್ಲಿ ಇರಲಿಲ್ಲ. ನೀರಿನ ಬಕೆಟ್ ಮುಕ್ಕಾಲು ತುಂಬಿಯೇ ಇತ್ತು. ವಯಸ್ಕ ಕುದುರೆಯ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರಬೇಕು. ಅಂದು 60ರ ಸುತ್ತ ಇತ್ತು. ಯಾರೋ ಬಾಯಿಗೆ ಎಣ್ಣೆ ಸುರಿಯಲು ಬಾಟಲಿ ಹಿಡಿದು ಬಂದರು. ನಾನು ತಡೆದೆ. ಹಾಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಶೂಲೆಗಿಂತ ಮೊದಲು ಅದೇ ಕೊಲ್ಲುತ್ತದೆ.

ಪಶುವೈದ್ಯರು ಬಂದು ಪರೀಕ್ಷಿಸಿದರು. ದೊಡ್ಡಕರುಳು ಕಿರಿದಾಗಿ ಹಿಂದಕ್ಕೆ ಮಡಚಿಕೊಳ್ಳುವ ಜಾಗದಲ್ಲಿ ಒಣ ಮೇವು ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿದರು. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ. ಒತ್ತಡ ಹೆಚ್ಚಿದರೆ ಜಠರವೇ ಒಡೆಯಬಹುದು. ಅದಕ್ಕಾಗಿ ಕೊಳವೆಯಿಂದ ಮೊದಲು ಒಳಗೇನಿದೆ ಎಂದು ನೋಡಿ, ಆಮೇಲೆ ನೀರು ಮತ್ತು ಲವಣ ಕೊಟ್ಟರು, ನೋವಿಗೆ ಚುಚ್ಚುಮದ್ದು ಹಾಕಿದರು. ಮರುದಿನ ಲದ್ದಿ ಬಿದ್ದಾಗಲೇ ನಾವೆಲ್ಲ ಉಸಿರು ಬಿಟ್ಟದ್ದು. ವೈದ್ಯರು ವಿವರಿಸಿದ ಕಾರಣ ಸರಳ. ಹಸಿ ಹುಲ್ಲಿನಲ್ಲಿ ನೂರಕ್ಕೆ 70ರಿಂದ 80 ಪಾಲು ನೀರು, ಒಣಹುಲ್ಲಿನಲ್ಲಿ 15 ಪಾಲೂ ಕಷ್ಟ. ಒಣ ಮೇವು ತಿನ್ನುವ ಕುದುರೆ ಹೆಚ್ಚು ನೀರು ಕುಡಿಯಬೇಕು, ದಿನಕ್ಕೆ 25 ಲೀಟರಿನಿಂದ 45 ಲೀಟರಿನವರೆಗೆ. ಓಡಾಟವಿದ್ದರೆ ಕರುಳೂ ಚಲಿಸುತ್ತದೆ. ನಿಂತೇ ಇರುವ ಕುದುರೆಯಲ್ಲಿ ಕರುಳಿನ ಚಲನೆ ನಿಧಾನವಾಗುತ್ತದೆ ಎಂಬುದು ಹೊಸ ಸಂಗತಿಯೇನಲ್ಲ. ಚೇತರಿಸಿಕೊಂಡ ಮೇಲೆ ಜಠರದೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಹುಣ್ಣುಗಳೂ ಇದ್ದವು. ಜೀನು ಬಿಗಿಯುವಾಗಿನ ಸಿಟ್ಟು ನೋವಿನದು.

ಎಚ್ಚರಿಕೆಯ ಇನ್ನೊಂದು ಅರ್ಧ ಇಲ್ಲಿಂದ ಶುರು. ಹೊರಗೆ ಬಿಡದಿದ್ದರೆ ಕುದುರೆಯನ್ನು ಕರೆದೊಯ್ಯುತ್ತೇನೆ ಎಂದು ಖಂಡಿತವಾಗಿ ಹೇಳಿದೆ. ಹುಲ್ಲುಗಾವಲಿಗೆ ಹಂತ ಹಂತವಾಗಿ ಬಿಡಬೇಕೆಂದು ವೈದ್ಯರೂ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಯಾರೂ ಓದಲಿಲ್ಲ. ಮಳೆ ನಿಂತು ಬಿಸಿಲು ಬಿದ್ದು ಹುಲ್ಲು ಸೊಂಪಾಗಿ ಚಿಗುರಿದ್ದ ವಾರದಲ್ಲಿ, ತಿಂಗಳುಗಟ್ಟಲೆ ಒಣಹುಲ್ಲು ತಿಂದಿದ್ದ ಕುದುರೆಯನ್ನು ಬೆಳಿಗ್ಗೆ ಬಿಟ್ಟು ಸಂಜೆ ಹಿಡಿದು ತಂದರು. ಮರುದಿನವೂ ಹಾಗೆಯೇ. ನಾನು ನೋಡಲು ಹೋದಾಗ ಅದು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತಿತ್ತು. ತಿರುಗಿಸಿದರೆ ಒಂದೊಂದು ಹೆಜ್ಜೆಗೂ ಹಿಂಜರಿಯುತ್ತಿತ್ತು. ಗೊರಸು ಮುಟ್ಟಿದರೆ ಬಿಸಿ, ಗೊರಸಿನ ಮೇಲಿನ ಗೆಣ್ಣಿನ ಹಿಂಬದಿಯಲ್ಲಿ ನಾಡಿ ಬೆರಳಿಗೆ ಹೊಡೆಯುವಷ್ಟು ಜೋರು. ಲ್ಯಾಮಿನೈಟಿಸ್.

ಗೊರಸಿನ ಗೋಡೆಯನ್ನೂ ಒಳಗಿನ ಎಲುಬನ್ನೂ ಹಿಡಿದಿಡುವ ಪದರಗಳು ಇದರಲ್ಲಿ ಊದಿ ಸಡಿಲವಾಗುತ್ತವೆ. ಮಿತಿಮೀರಿದರೆ ಎಲುಬು ತಿರುಗಿ ಕೆಳಗಿಳಿಯುತ್ತದೆ. ಎಷ್ಟೋ ಕುದುರೆಗಳ ಬದುಕು ಅಲ್ಲಿಗೆ ಮುಗಿಯುತ್ತದೆ. ಸೊಂಪಾದ ಎಳೆ ಹುಲ್ಲಿನ ಸಕ್ಕರೆ ಒಮ್ಮೆಲೇ ಒಳಗೆ ಹೋಗುವುದು ಇದಕ್ಕೆ ಒಂದು ಮುಖ್ಯ ಕಾರಣ. ಹುಲ್ಲಿನಲ್ಲಿ ಸಕ್ಕರೆ ಬಿಸಿಲಿಗೆ ಏರುತ್ತ ಹೋಗಿ ಸಂಜೆಯ ಹೊತ್ತಿಗೆ ಹೆಚ್ಚಿರುತ್ತದೆ, ನಸುಕಿನಲ್ಲಿ ಕಡಿಮೆ. ಚಳಿಗೆ ಹಿಮ ಬಿದ್ದು ಮೇಲೆ ಬಿಸಿಲಿರುವ ಬೆಳಗು ಮಾತ್ರ ಇದಕ್ಕೆ ಅಪವಾದ, ಆಗ ಮುಂಜಾನೆಯೂ ಅಪಾಯವೇ. ಹುಲ್ಲಿಗೆ ಹೊಸದಾದ ಕುದುರೆಯನ್ನು ಮೊದಲ ದಿನ 15ರಿಂದ 30 ನಿಮಿಷ ಬಿಟ್ಟು, ದಿನಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಎರಡು ಮೂರು ವಾರಗಳಲ್ಲಿ ಪೂರ್ತಿ ಹೊತ್ತಿಗೆ ತರಬೇಕು. ಕೊಬ್ಬಿದ ಕುತ್ತಿಗೆಯ ಕುದುರೆ ಮತ್ತು ಪೋನಿಗಳಿಗೆ ಅದಕ್ಕಿಂತ ಬಿಗಿಯಾದ ಕ್ರಮ ಬೇಕು. ಇಷ್ಟನ್ನು ಮಾಡಲು ಹಣ ಬೇಡ, ಗಡಿಯಾರ ನೋಡುವ ಒಬ್ಬ ಮನುಷ್ಯ ಬೇಕು. ಕೂಡಿಹಾಕಿ ಒಮ್ಮೆ ಕೆಡಿಸಿದವರು ಬಯಲಿಗೆ ಬಿಟ್ಟು ಇನ್ನೊಮ್ಮೆ ಕೆಡಿಸಿದರು. ಎರಡೂ ಸಲ ಕುದುರೆಯ ಕಡೆ ನೋಡದೆ ತಮಗೆ ಸುಲಭವಾದದ್ದನ್ನು ಮಾಡಿದರು. ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇರಿಸಿ, ಮೆತ್ತನೆಯ ಹಾಸಿನ ಮೇಲೆ ವಿಶ್ರಾಂತಿ ಕೊಟ್ಟು, ಹಸಿ ಹುಲ್ಲನ್ನು ಪೂರ್ತಿ ನಿಲ್ಲಿಸಿ ಚಿಕಿತ್ಸೆ ಮಾಡಿದೆವು. ಎಕ್ಸ್‌ರೇಯಲ್ಲಿ ಎಲುಬು ಜಾಗದಲ್ಲಿಯೇ ಇತ್ತು. ಅದು ನಮ್ಮ ಅದೃಷ್ಟ.

ಕುದುರೆಯನ್ನು ಕೋಣೆಯಲ್ಲಿ ಇರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಗಾಯವಾದಾಗ, ಕಾಲಿಗೆ ವಿಶ್ರಾಂತಿ ಬೇಕಾದಾಗ, ಬಿರುಗಾಳಿ ಬಂದಾಗ ಕೋಣೆ ಬೇಕು. ಹಾಗೆಯೇ ಬಯಲೆಂದರೆ ಎಲ್ಲ ಸರಿ ಎಂದೂ ಅಲ್ಲ. ಮುಳ್ಳುತಂತಿಯ ಬೇಲಿ ಕುದುರೆಯ ಕಾಲನ್ನು ಎಲುಬಿನವರೆಗೆ ಸೀಳಬಲ್ಲದು. ಲದ್ದಿ ತೆಗೆಯದೆ ಬಿಟ್ಟರೆ ಹೊಟ್ಟೆಹುಳು ಸುತ್ತಿ ಸುತ್ತಿ ಬರುತ್ತದೆ. ಹೊಸ ಕುದುರೆಯನ್ನು ಗುಂಪಿಗೆ ನೇರವಾಗಿ ನುಗ್ಗಿಸದೆ ಕೆಲವು ದಿನ ಬೇಲಿಯಾಚೆ ಪರಿಚಯ ಮಾಡಿಸಬೇಕು. ನನ್ನ ಕುದುರೆ ಈಗ ಇರುವ ಕಡೆ ಮೂರು ಬದಿ ಗೋಡೆಯ ಸರಳವಾದ ಚಪ್ಪರವಿದೆ. ಅದರ ಮುಂದೆ ಹುಲ್ಲಿಲ್ಲದ ಗಟ್ಟಿ ಅಂಗಳ, ಅಂಗಳಕ್ಕೆ ಹೊಂದಿಕೊಂಡು ಹುಲ್ಲುಗಾವಲು. ಸಣ್ಣ ಕಣ್ಣಿನ ಬಲೆಯಲ್ಲಿ, ತಗ್ಗಿನಲ್ಲಿ ಕಟ್ಟಿದ ಹುಲ್ಲು ಹಗಲೂ ರಾತ್ರಿಯೂ ಇರುತ್ತದೆ. ಲಾಳ ಹೊಡೆಸಿದ ಕುದುರೆಯ ಕಾಲು ಸಿಕ್ಕಿಕೊಳ್ಳಬಹುದಾದ್ದರಿಂದ ಬಲೆಯನ್ನು ಪೆಟ್ಟಿಗೆಯೊಳಗೆ ಭದ್ರ ಮಾಡಿದ್ದಾರೆ. ಜೊತೆಗೆ ಇನ್ನೆರಡು ಕುದುರೆಗಳಿವೆ. ಒಂದು ಕಾವಲು ನಿಂತರೆ ಇನ್ನೊಂದು ಮೈಚಾಚಿ ಮಲಗುತ್ತದೆ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ರೆಯ ಒಂದು ಹಂತಕ್ಕೆ ಅದು ಮಲಗಲೇಬೇಕು, ಭಯವಿಲ್ಲದಿದ್ದರೆ ಮಾತ್ರ ಮಲಗುತ್ತದೆ. ಆ ಜಾಗದಲ್ಲಿ ಹೊಳೆಯುವ ಹಿತ್ತಾಳೆಯ ಚಿಲಕವಿಲ್ಲ, ಹೆಸರು ಕೊರೆದ ಫಲಕವಿಲ್ಲ.

ಲಾಯ ನೋಡಲು ಹೋದಾಗ ಕೋಣೆಯ ಅಳತೆಯನ್ನು ಕೇಳಿ, ಆದರೆ ಅಷ್ಟಕ್ಕೆ ನಿಲ್ಲಿಸಬೇಡಿ. ನನ್ನ ಕುದುರೆ ದಿನಕ್ಕೆ ಎಷ್ಟು ಗಂಟೆ ಸ್ವತಂತ್ರವಾಗಿ ಹೊರಗಿರುತ್ತದೆ, ಯಾವ ಕುದುರೆಗಳ ಜೊತೆ ಎಂದು ಕೇಳಿ, ಉತ್ತರವನ್ನು ಒಪ್ಪಂದದಲ್ಲಿ ಬರೆಸಿ. ಒಣಹುಲ್ಲನ್ನು ತೂಗಿ ಕೊಡುತ್ತಾರೆಯೇ ಕೇಳಿ. ದೇಹದ ತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆ ನಾರಿನ ಮೇವು ಯಾವ ಕುದುರೆಗೂ ಸಾಲದು, ಎರಡು ಪಾಲು ಒಳ್ಳೆಯದು. 450 ಕೆಜಿಯ ಕುದುರೆಗೆ ಅದು ದಿನಕ್ಕೆ 9 ಕೆಜಿ. ಮೇವನ್ನು ಬದಲಿಸುವುದಿದ್ದರೆ ಒಂದೆರಡು ವಾರ ಹಳೆಯದರ ಜೊತೆ ಹೊಸದನ್ನು ಬೆರೆಸಿ ಕೊಡುತ್ತಾರೆಯೇ, ಲದ್ದಿ ಮತ್ತು ನೀರಿನ ಲೆಕ್ಕವನ್ನು ಯಾರು ಬರೆದಿಡುತ್ತಾರೆ, ರಾತ್ರಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ವಿಚಾರಿಸಿ. ನಿಮಗೆ ಉತ್ತರ ಹೇಳುವವರ ಮುಖಕ್ಕಿಂತ ಕೋಣೆಗಳ ಬಾಗಿಲ ಅಂಚುಗಳನ್ನು ನೋಡಿ. ಸಾಲುಸಾಲಾಗಿ ಹಲ್ಲಿನ ಗುರುತಿದ್ದರೆ, ಅಂಚುಗಳಿಗೆಲ್ಲ ಹೊಸ ತಗಡು ಹೊಡೆದಿದ್ದರೆ, ಕುದುರೆಗಳ ಗಂಟಲಲ್ಲಿ ಪಟ್ಟಿ ಕಂಡರೆ ಅಲ್ಲಿಂದ ಹೊರಡಿ.

ಈಗಾಗಲೇ ಕುದುರೆಯನ್ನು ಇಂಥ ಕಡೆ ಬಿಟ್ಟಿರುವವರು ಒಂದು ದಿನ ತಿಳಿಸದೆ ಹೋಗಿ. ಬೆಳಗಿನ ಹುಲ್ಲು ಹಾಕಿ ಮೂರು ಗಂಟೆಯ ಮೇಲೆ ಒಮ್ಮೆ, ರಾತ್ರಿ ಹತ್ತರ ಹೊತ್ತಿಗೆ ಇನ್ನೊಮ್ಮೆ. ಎರಡೂ ಹೊತ್ತಿನಲ್ಲಿ ಕುದುರೆಯ ಮುಂದೆ ಬರಿಯ ನೆಲವಿದ್ದರೆ ಅಂದೇ ಮೇಲ್ವಿಚಾರಕರ ಜೊತೆ ಕುಳಿತು ಮಾತಾಡಿ. ಮಾತಿಗೆ ಬಗ್ಗದಿದ್ದರೆ ಬೇರೆ ಜಾಗ ಹುಡುಕಲು ಶುರುಮಾಡಿ.