ಹತ್ತಿ ಗೋದಾಮಿಗೆ ಕೊಂಡ ಅಗ್ನಿಶಾಮಕ ಹೋಸ್: ಆರು ತಿಂಗಳ ಅನುಭವ

ದಾವಣಗೆರೆಯ ನಮ್ಮ ಹತ್ತಿ ಗೋದಾಮಿಗಾಗಿ ಐಎಸ್ 636 (ಇಂಥ ಹೋಸ್‌ಗಳಿಗಿರುವ ಭಾರತೀಯ ಮಾನಕ) ಗುರುತಿನ, 63 ಮಿ.ಮೀ. ವ್ಯಾಸದ, 15 ಮೀಟರ್ ಉದ್ದದ ನಾಲ್ಕು ಹೋಸ್‌ಗಳನ್ನು ಕೊಂಡು ಆರು ತಿಂಗಳಾಯಿತು. ಹೊರಗಿನ ನೇಯ್ಗೆ ಬಿಗಿಯಾಗಿದೆ, ಒಳಗಿನ ರಬ್ಬರ್ ಪದರದಿಂದ ಒಂದು ಹನಿಯೂ ಜಿನುಗಿಲ್ಲ.

ನನ್ನ ಮೆಚ್ಚುಗೆಗೆ ಮುಖ್ಯ ಕಾರಣ ಇದು ಮಡಿಕೆಗೆ ಒಗ್ಗುವ ರೀತಿ. ನಡುವಿನಲ್ಲಿ ಎರಡಾಗಿ ಮಡಚಿ ಸುತ್ತಿದಾಗ ಎರಡೂ ತುದಿಯ ಕಪ್ಲಿಂಗ್‌ಗಳು (ಹೋಸ್ ಜೋಡಿಸುವ ಕೊಂಡಿಗಳು) ಹೊರಗೇ ಉಳಿಯುವುದರಿಂದ, ತುದಿಗಳನ್ನು ಹಿಡಿದು ಸುರುಳಿಯನ್ನು ನೆಲದ ಮೇಲೆ ಉರುಳಿಸಿದರೆ ಎಲ್ಲಿಯೂ ತಿರುಚಿಕೊಳ್ಳದೆ ಬಿಚ್ಚಿಕೊಳ್ಳುತ್ತದೆ. ಅಮೆರಿಕದ ಅಗ್ನಿಶಾಮಕ ವಾಹನಗಳಲ್ಲಿ ಹೋಸ್‌ಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿ, ಹಿಂದಕ್ಕೂ ಮುಂದಕ್ಕೂ ಮಡಚಿ ಪೇರಿಸುವುದುಂಟು. ಅಂಚಿನ ಮೇಲೆ ನಿಲ್ಲಿಸಿ ಮಡಚುವ ಅಕಾರ್ಡಿಯನ್ ಕ್ರಮದಲ್ಲಿ ಮಡಿಕೆಗಳನ್ನು ಒಟ್ಟಾಗಿ ಹೆಗಲಿಗೇರಿಸಿಕೊಳ್ಳುವುದು ಸುಲಭವಾದರೂ, ಚೂಪಾದ ಮಡಿಕೆಗಳಲ್ಲಿ ಹೋಸ್ ಬೇಗ ಸವೆಯುವುದರಿಂದ ಆ ಜಾಗಗಳನ್ನು ಆಗಾಗ ಬದಲಿಸಬೇಕಾಗುತ್ತದೆ. ಅದೇ ಕಾರಣಕ್ಕೆ ನಾವೂ ತಿಂಗಳಿಗೊಮ್ಮೆ ಸುರುಳಿ ಬಿಚ್ಚಿ, ಮಡಿಕೆಯನ್ನು ಒಂದು ಮೊಳ ಸರಿಸಿ ಮತ್ತೆ ಸುತ್ತುತ್ತೇವೆ. ಒತ್ತಿ ಕಟ್ಟಿದ ಹತ್ತಿಯ ಮೂಟೆಯೊಳಗೆ ಕಿಡಿ ಹೊಗೆಯಾಡುತ್ತಲೇ ಅಡಗಿರಬಲ್ಲದು ಎಂಬುದನ್ನು ಬಲ್ಲವರಿಗೆ ಈ ಶ್ರಮ ಹೆಚ್ಚೆನಿಸದು.

ಒಂದು ಕಪ್ಲಿಂಗ್‌ನ ವಾಷರ್ ಮಾತ್ರ ಸಡಿಲವಾಗಿತ್ತು, ಅಂಗಡಿಯವರು ತಕರಾರಿಲ್ಲದೆ ಬದಲಿಸಿಕೊಟ್ಟರು. ಬಳಸಿದ ಮೇಲೆ ನಮ್ಮೂರಿನ ಬಿಸಿಲಿಗೆ ಹಾಕದೆ ನೆರಳಿನಲ್ಲೇ ಒಣಗಿಸಿ.